ಉಪ್ಪನ ಮರೆವಿಗೆ ವಯಸ್ಸೊಂದೇ ಕಾರಣವಾ? ನೆನಪಿನ ತಪಾಸಣೆ ಬೇಗ ಮಾಡಿಸಿದರೆ ಏನು ಲಾಭ

ನಮ್ಮ ಮನೆಗಳಲ್ಲಿ ಹಿರಿಯರಿಗೆ ಶುಗರ್ ಚೆಕ್ ಮಾಡಿಸುವುದು ಈಗ ಮಾಮೂಲಿ. ಬಿಪಿ ನೋಡಿಸುತ್ತೇವೆ, ಕಣ್ಣಿನ ಪೊರೆ ತೆಗೆಸುತ್ತೇವೆ, ಗಂಟು ನೋವಿಗೆ ಮಂಗಳೂರಿನ ತನಕ ಕರೆದುಕೊಂಡು ಹೋಗುತ್ತೇವೆ. ಮದ್ರಸ ಹಾಲ್‌ನಲ್ಲಿ ವೈದ್ಯಕೀಯ ಶಿಬಿರ ನಡೆದರೆ ಅಲ್ಲಿಯೂ ಇವೇ ಸಾಲುಗಳು. ಆದರೆ "ಉಪ್ಪನಿಗೆ ಇತ್ತೀಚೆಗೆ ಮರೆವು ಜಾಸ್ತಿಯಾಗಿದೆ, ಒಮ್ಮೆ ಡಾಕ್ಟರಿಗೆ ತೋರಿಸುವ" ಎಂದು ಹೇಳುವವರು ಎಷ್ಟು ಮಂದಿ? "ಎಪ್ಪತ್ತು ದಾಟಿತಲ್ಲ, ಇನ್ನೆಂಥ ನೆನಪು" ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದು ಹೋಗುತ್ತದೆ. ಎರಡು ಮೂರು ವರ್ಷ ಕಳೆದು, ಜುಮಾಕ್ಕೆಂದು ಹೋದ ಉಪ್ಪ ಮನೆಗೆ ಬರುವ ದಾರಿ ಗೊತ್ತಾಗದೆ ರಸ್ತೆ ಬದಿ ನಿಂತಾಗ ಮಾತ್ರ ಎಲ್ಲರೂ ಗಾಬರಿಯಾಗುತ್ತಾರೆ.

ಆ ಎರಡು ಮೂರು ವರ್ಷ ಬಹಳ ಬೆಲೆಯುಳ್ಳದ್ದು. ಯಾಕೆ ಎಂದು ನೋಡೋಣ.

ಯಾವ ಮರೆವು ಸಹಜ, ಯಾವುದು ಅಲ್ಲ?

ವಯಸ್ಸಾದಂತೆ ನೆನಪು ಸ್ವಲ್ಪ ನಿಧಾನವಾಗುವುದು ನಿಜ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಯದವರ ಹೆಸರು ಬಾಯಿಗೆ ಬಾರದೆ ಅರ್ಧ ಗಂಟೆ ಬಿಟ್ಟು ನೆನಪಾಗುವುದು, ಇದೆಲ್ಲ ನಲವತ್ತರವರಿಗೂ ಆಗುತ್ತದೆ. ನಮಾಝಿನಲ್ಲಿ ಎಷ್ಟು ರಕಅತ್ ಆಯಿತು ಎಂದು ಒಮ್ಮೊಮ್ಮೆ ಸಂಶಯ ಬರುವುದೂ ಹಾಗೆಯೇ. ಮರೆವಿಗೆಂದೇ ಸಹ್ವಿನ ಸುಜೂದ್ ಇದೆಯಲ್ಲ.

ಚಿಂತಿಸಬೇಕಾದ ಮರೆವು ಬೇರೆ ರೀತಿಯದ್ದು. ಬೆಳಗ್ಗೆ ಆಡಿದ ಮಾತನ್ನು ಮಧ್ಯಾಹ್ನ ನೀವು ನೆನಪಿಸಿದರೂ "ಹಾಗೆ ಮಾತಾಡಿದ್ದೇ ಇಲ್ಲ" ಎನ್ನುವುದು. ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಕೇಳುವುದು. ಅಸರ್ ಮುಗಿಸಿ ಬಂದವರು "ನಾನು ನಮಾಝ್ ಮಾಡಿಲ್ಲ" ಎಂದು ಮತ್ತೆ ವುಝೂ ಮಾಡಲು ಹೋಗುವುದು, ಅದೂ ದಿನಾ. ನಲವತ್ತು ವರ್ಷ ಪತ್ತಿರ್ ಮಾಡಿದ ಉಮ್ಮನಿಗೆ ಹಿಟ್ಟು ಕಲಸುವ ಕ್ರಮ ಗೊತ್ತಾಗದೆ ಅಡುಗೆ ಮನೆಯಲ್ಲಿ ಸುಮ್ಮನೆ ನಿಲ್ಲುವುದು. ಅಂಗಡಿ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ ಕಾಕನಿಗೆ ಐನೂರರ ನೋಟಿಗೆ ಚಿಲ್ಲರೆ ಕೊಡಲು ತಡವರಿಸುವುದು. ಗೊತ್ತಿರುವ ದಾರಿ ತಪ್ಪುವುದು. ಪರ್ಸ್ ಕಳೆದರೆ "ಸೊಸೆ ಕದ್ದಳು" ಎಂದು ಆರೋಪಿಸುವುದು.

ಎಲ್ಲರ ಜೊತೆ ಬೆರೆಯುತ್ತಿದ್ದವರು ಮೂಲೆ ಸೇರುವುದು, ಶಾಂತ ಸ್ವಭಾವದವರು ಸಿಡುಕುವುದು ಕೂಡ ಕೆಲವೊಮ್ಮೆ ಮರೆವಿಗಿಂತ ಮೊದಲೇ ಕಾಣಿಸಿಕೊಳ್ಳುತ್ತದೆ. ನೋಡಬೇಕಾದದ್ದು ಇಷ್ಟೇ: ಈ ವ್ಯಕ್ತಿ ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ? ಆ ಬದಲಾವಣೆಯಿಂದ ದಿನದ ಕೆಲಸ ಕೆಡುತ್ತಿದೆಯಾ?

ಮರೆವಿನ ಕಾಯಿಲೆಗೆ ಒಟ್ಟಾಗಿ ಡಿಮೆನ್ಶಿಯಾ ಎನ್ನುತ್ತಾರೆ. ಅಲ್ಝೈಮರ್ ಅದರಲ್ಲಿ ಅತಿ ಹೆಚ್ಚು ಕಾಣುವ ವಿಧ. ಮೆದುಳಿನ ರಕ್ತನಾಳಗಳು ಕಟ್ಟಿಕೊಂಡು ಬರುವುದು ಇನ್ನೊಂದು. ಶುಗರ್, ಬಿಪಿ ಜಾಸ್ತಿ ಇರುವ ನಮ್ಮ ಕರಾವಳಿಯಲ್ಲಿ ಇದನ್ನು ಮರೆಯಬಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಮನೆಯೊಳಗೇ ಇರುವ, ಹೊರಗೆ ಯಾರ ಕಣ್ಣಿಗೂ ಬೀಳದ ಉಮ್ಮಂದಿರ ವಿಷಯದಲ್ಲಿ ನಾವು ಹೆಚ್ಚು ಜಾಗ್ರತೆ ಮಾಡಬೇಕು ಎಂದಾಯಿತು.

"ಮದ್ದಿಲ್ಲದ ಕಾಯಿಲೆ, ತೋರಿಸಿ ಏನು ಪ್ರಯೋಜನ?"

ಹೆಚ್ಚಿನವರು ಕೇಳುವುದು ಇದನ್ನೇ. ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು, ಮರೆವು ಇದ್ದವರಿಗೆಲ್ಲ ಡಿಮೆನ್ಶಿಯಾ ಇರುವುದಿಲ್ಲ. ವಿಟಮಿನ್ ಬಿ12 ಕಡಿಮೆಯಾದರೆ ಮರೆವು ಬರುತ್ತದೆ. ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರಲ್ಲಿ ಈ ಬಿ12 ಇಳಿಯುವುದುಂಟು. ಥೈರಾಯ್ಡ್ ಕಡಿಮೆಯಾದರೂ ಬುದ್ಧಿ ಮಂಕಾಗುತ್ತದೆ. ಬಿಪಿಯ ಕೆಲವು ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಇಳಿದು ಗೊಂದಲ ಉಂಟಾಗುತ್ತದೆ. ನಿದ್ದೆ ಮಾತ್ರೆ, ಅಲರ್ಜಿಯ ಮಾತ್ರೆ, ಮೂತ್ರ ತಡೆಯುವ ಮಾತ್ರೆಗಳಲ್ಲಿ ಕೆಲವು ವಯಸ್ಸಾದವರ ನೆನಪನ್ನು ಕೆಡಿಸುತ್ತವೆ. ಬಾತ್‌ರೂಮಿನಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ಆಗ ಏನೂ ಆಗಿಲ್ಲ ಎಂದು ಬಿಟ್ಟು, ವಾರಗಳ ನಂತರ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ತುಂಬಿ ಮರೆವು ಶುರುವಾಗುವುದೂ ಉಂಟು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಲ್ಲಿ ಇದರ ಅಪಾಯ ಜಾಸ್ತಿ. ಸಂಗಾತಿ ತೀರಿಕೊಂಡ ಮೇಲೆ ಬರುವ ಖಿನ್ನತೆಯೂ ಹೊರಗಿನಿಂದ ನೋಡಿದರೆ ಮರೆವಿನಂತೆಯೇ ಕಾಣುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಕೆಲವು ಪೂರ್ತಿ ಗುಣವಾಗುತ್ತವೆ. ಆದರೆ ತಡ ಮಾಡಿದಷ್ಟು ಗುಣವಾಗುವ ಪಾಲು ಕಡಿಮೆ. "ವಯಸ್ಸಾಯ್ತು" ಎಂದು ಬಿಟ್ಟ ಮನೆಯಲ್ಲಿ ಬರೀ ಬಿ12 ಇಂಜೆಕ್ಷನ್‌ನಲ್ಲಿ ಸರಿಯಾಗಬಹುದಾಗಿದ್ದ ಹಿರಿಯರೂ ಇರಬಹುದು.

ಎರಡನೆಯದು, ಡಿಮೆನ್ಶಿಯಾವೇ ಆಗಿದ್ದರೂ ಕೈಕಟ್ಟಿ ಕೂರಬೇಕಾಗಿಲ್ಲ. ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್‌ನಂತಹ ಔಷಧಗಳು ಕಾಯಿಲೆಯನ್ನು ಗುಣಪಡಿಸುವುದಿಲ್ಲ, ಆದರೆ ಕೆಲವರಲ್ಲಿ ಸ್ವಲ್ಪ ಕಾಲ ಲಕ್ಷಣಗಳನ್ನು ಹಿಡಿದಿಡುತ್ತವೆ. ಅಮೆರಿಕದಲ್ಲಿ 2023ರಿಂದ ಲೆಕಾನೆಮ್ಯಾಬ್‌ನಂತಹ ಹೊಸ ಔಷಧಗಳಿಗೆ ಪೂರ್ಣ ಅನುಮತಿ ಸಿಕ್ಕಿದೆ. ಅವು ಬಹಳ ದುಬಾರಿ, ಮೆದುಳಲ್ಲಿ ಊತ, ರಕ್ತಸ್ರಾವದಂತಹ ಅಡ್ಡ ಪರಿಣಾಮವೂ ಇದೆ. ಅವು ಕೂಡ ಕಾಯಿಲೆಯ ಆರಂಭದ ಹಂತದವರಿಗೆ ಮಾತ್ರ. ರಕ್ತನಾಳದ ಡಿಮೆನ್ಶಿಯಾ ಆದರೆ ಬಿಪಿ, ಶುಗರ್ ಬಿಗಿಯಾಗಿ ಹಿಡಿದು ಮುಂದಿನ ಸ್ಟ್ರೋಕ್ ತಡೆಯುವುದೇ ದೊಡ್ಡ ಚಿಕಿತ್ಸೆ.

ಮೂರನೆಯದು, ಉಪ್ಪನಿಗೆ ತನ್ನ ಮಾತು ತಾನೇ ಹೇಳಲು ಸಮಯ ಸಿಗುತ್ತದೆ. ಯಾರ ಜೊತೆ ಇರಬೇಕು, ತೋಟ ಯಾರು ನೋಡಬೇಕು, ಯಾರಿಗೆ ಕೊಡಬೇಕಾದ ಹಣ ಬಾಕಿ ಇದೆ, ಇದೆಲ್ಲ ಅವರ ಬಾಯಿಂದಲೇ ಬರಬೇಕಾದ ವಿಷಯ. ಮನೆಯವರಿಗೂ "ಇವರು ಬೇಕೆಂದೇ ಹಾಗೆ ಮಾಡುವುದಲ್ಲ" ಎಂದು ಗೊತ್ತಾಗುತ್ತದೆ. ಸೊಸೆಯ ಮೇಲೆ ಕಳ್ಳತನದ ಆರೋಪ ಬಂದಾಗ ಮನೆ ಒಡೆಯುವ ಬದಲು, ಇದು ಕಾಯಿಲೆಯ ಮಾತು ಎಂದು ಸಮಾಧಾನ ಮಾಡಿಕೊಳ್ಳಬಹುದು.

ತಪಾಸಣೆ ಎಂದರೆ ಏನು ಮಾಡುತ್ತಾರೆ?

ಹೆದರುವಂಥದ್ದೇನಿಲ್ಲ. ಮೊದಲ ಹಂತದಲ್ಲಿ ಸೂಜಿಯೂ ಇಲ್ಲ, ಮಿಷಿನೂ ಇಲ್ಲ. ಬರೀ ಮಾತುಕತೆ.

ಮಿನಿ-ಕಾಗ್ ಎಂಬ ಪರೀಕ್ಷೆ ಮೂರು ನಿಮಿಷದ್ದು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳುತ್ತಾರೆ. ನಂತರ ಗಡಿಯಾರದ ಚಿತ್ರ ಬಿಡಿಸಿ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಹಾಕಿಸುತ್ತಾರೆ. ಆ ಮೇಲೆ ಮೂರು ಪದ ಕೇಳುತ್ತಾರೆ. 5 ಅಂಕದಲ್ಲಿ 3ಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆ ಬೇಕು. ಇನ್ನು 30 ಅಂಕದ ಪರೀಕ್ಷೆಗಳಿವೆ. 1975ರಿಂದ ಬಳಕೆಯಲ್ಲಿರುವ ಎಂಎಂಎಸ್‌ಇ, 2005ರಲ್ಲಿ ಬಂದ ಮೋಕಾ. ಇವುಗಳಲ್ಲಿ ದಿನ, ತಿಂಗಳು, ಊರು, ಸಣ್ಣ ಲೆಕ್ಕ, ಪದ ನೆನಪು, ಚಿತ್ರ ಬಿಡಿಸುವುದು ಇರುತ್ತದೆ.

ಇನ್ನೊಂದು ವಿಧದಲ್ಲಿ ಪ್ರಶ್ನೆ ಕೇಳುವುದು ಮನೆಯವರ ಹತ್ತಿರ. ಎಡಿ-8 ಎಂಬುದು ಹಾಗಿನದ್ದು. ಕಳೆದ ಕೆಲವು ವರ್ಷಗಳಲ್ಲಿ ಇವರ ತೀರ್ಮಾನ ಮಾಡುವ ಶಕ್ತಿ, ಆಸಕ್ತಿ, ಹಣದ ವ್ಯವಹಾರ, ಹೊಸ ಉಪಕರಣ ಕಲಿಯುವುದು, ದಿನಾಂಕ ನೆನಪು ಇತ್ಯಾದಿ ಎಂಟು ವಿಷಯದಲ್ಲಿ ಬದಲಾವಣೆ ಇದೆಯಾ ಎಂದು ಕೇಳುತ್ತಾರೆ. ಎರಡು ಅಥವಾ ಹೆಚ್ಚು ವಿಷಯಕ್ಕೆ "ಹೌದು" ಎಂದಾದರೆ ವಿವರವಾದ ಪರೀಕ್ಷೆ ಬೇಕು.

ಅಂಕ ಕಡಿಮೆ ಬಂದ ಕೂಡಲೇ ಕಾಯಿಲೆ ಎಂದು ತೀರ್ಮಾನಿಸುವುದಿಲ್ಲ. ಅದು ಬಾಗಿಲು ತಟ್ಟಿದ ಹಾಗೆ ಅಷ್ಟೇ. ಆ ಮೇಲೆ ಬಿ12, ಥೈರಾಯ್ಡ್, ಸೋಡಿಯಂ, ಶುಗರ್, ಹಿಮೋಗ್ಲೋಬಿನ್, ಕಿಡ್ನಿಯ ರಕ್ತ ಪರೀಕ್ಷೆ, ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್ ಮಾಡಿಸಿ, ತಿನ್ನುವ ಮಾತ್ರೆಗಳನ್ನೆಲ್ಲ ನೋಡಿ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ.

ಶಾಲೆಗೆ ಹೋಗದ ಉಮ್ಮನಿಗೆ ಗಡಿಯಾರ ಬಿಡಿಸಲು ಹೇಳಿದರೆ?

ನಮ್ಮ ಕಡೆಯ ಮುಖ್ಯ ಸಮಸ್ಯೆ ಇಲ್ಲಿದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಹಳೆ ತಲೆಮಾರಿನ ಅನೇಕ ಹೆಂಗಸರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೈಯಲ್ಲಿ ಪೆನ್ನು ಹಿಡಿದೇ ಅಭ್ಯಾಸವಿಲ್ಲದವರಿಗೆ ಚಿತ್ರ ಬಿಡಿಸಲು ಹೇಳಿದರೆ ನೆನಪು ಚೆನ್ನಾಗಿದ್ದರೂ ಅಂಕ ಬೀಳುತ್ತದೆ. ಅದೇ ರೀತಿ ಚೆನ್ನಾಗಿ ಓದಿದ ನಿವೃತ್ತ ಮಾಸ್ಟರಿಗೆ ಕಾಯಿಲೆ ಶುರುವಾಗಿದ್ದರೂ 30ರಲ್ಲಿ 27 ಬಂದು ಎಲ್ಲ ಸರಿ ಎಂದು ಕಾಣಬಹುದು.

ಈ ಸಮಸ್ಯೆಗಾಗಿಯೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಓದು ಬರಹ ಬಾರದ ಹಿರಿಯರಿಗೆ ಹೊಂದುವಂತೆ ಹಿಂದಿಯಲ್ಲಿ ಪರೀಕ್ಷೆಯೊಂದನ್ನು ರೂಪಿಸಲಾಯಿತು. ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ನೆನಪಿನ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಆ ಐದರಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಬ್ಯಾರಿ ಇಲ್ಲ.

ಹಾಗಾಗಿ ಪರೀಕ್ಷೆಗೆ ಹೋಗುವಾಗ ಮೂರು ಮಾತು ವೈದ್ಯರಿಗೆ ಮೊದಲೇ ಹೇಳಿ. ಇವರು ಎಷ್ಟನೇ ಕ್ಲಾಸ್ ತನಕ ಓದಿದ್ದಾರೆ. ಮನೆಯಲ್ಲಿ ಮಾತಾಡುವುದು ಬ್ಯಾರಿ, ಹೊರಗೆ ಕನ್ನಡವೋ ತುಳುವೋ ಮಲಯಾಳವೋ. ಇವರಿಗೆ ಕಿವಿ, ಕಣ್ಣು ಸರಿ ಇದೆಯಾ. ಪೇಟೆಯ ಆಸ್ಪತ್ರೆಯಲ್ಲಿ ತೆಂಕಣ ಮಲಯಾಳದಲ್ಲಿ ಪಟಪಟ ಕೇಳಿದ ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದರೆ ಅದು ಮರೆವಲ್ಲ. ಪ್ರಶ್ನೆಯನ್ನು ಬ್ಯಾರಿಯಲ್ಲಿ ಹೇಳಿಕೊಡಲು ನೀವು ಪಕ್ಕದಲ್ಲಿರಿ, ಆದರೆ ಉತ್ತರ ಮಾತ್ರ ಹೇಳಿಕೊಡಬೇಡಿ! ಅನೇಕರು ಪ್ರೀತಿಯಿಂದ ಅದನ್ನೇ ಮಾಡುತ್ತಾರೆ.

ಭಾಷೆಯ ಬಗ್ಗೆ ಒಂದು ಖುಷಿಯ ವಿಷಯವೂ ಇದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದ್‌ನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಮಾತಾಡುವವರಲ್ಲಿ ಕಾಯಿಲೆಯ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಬ್ಯಾರಿ, ತುಳು, ಕನ್ನಡ, ಮಲಯಾಳ ಒಂದೇ ದಿನದಲ್ಲಿ ಮಾತಾಡುವ ನಮ್ಮ ಗಡಿನಾಡಿನವರಿಗೆ ಇದು ಸಣ್ಣ ಆಸ್ತಿಯಲ್ಲ. ಆದರೆ ಇದು ತಡ ಮಾಡುತ್ತದೆಯೇ ಹೊರತು ಕಾಯಿಲೆ ಬಾರದ ಹಾಗೆ ಮಾಡುತ್ತದೆ ಎಂದು ಹೇಳಲಾಗದು.

ಹಾಗಾದರೆ 60 ದಾಟಿದ ಎಲ್ಲರಿಗೂ ತಪಾಸಣೆ ಬೇಕಾ?

ಬೇಡ. ಯಾವ ತೊಂದರೆಯೂ ಇಲ್ಲದವರಿಗೆಲ್ಲ ಪರೀಕ್ಷೆ ಮಾಡುವುದರಿಂದ ಲಾಭವೋ ನಷ್ಟವೋ ಎಂದು ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ತಜ್ಞರ ಸಮಿತಿ 2020ರಲ್ಲಿ ಹೇಳಿತ್ತು. ಸುಮ್ಮನೆ ಪರೀಕ್ಷೆ ಮಾಡಿ ಅಂಕ ಕಡಿಮೆ ಬಂದರೆ ಇಲ್ಲದ ಭಯ ಹುಟ್ಟುತ್ತದೆ. ಆದರೆ ಮನೆಯವರಿಗೆ ಬದಲಾವಣೆ ಕಂಡಿದ್ದರೆ, ಅಥವಾ ಹಿರಿಯರೇ "ನನಗೇನೋ ಮರೆತು ಹೋಗುತ್ತದೆ" ಎಂದು ಹೇಳಿದರೆ, ಆಗ ಕಾಯಬಾರದು. ಸ್ಟ್ರೋಕ್ ಆದವರು, ಬಹಳ ವರ್ಷದಿಂದ ಶುಗರ್ ಇರುವವರ ಬಗ್ಗೆ ಹೆಚ್ಚು ಗಮನ ಇರಲಿ.

ಒಂದು ವಿಷಯ ನೆನಪಿಡಿ. ನಿನ್ನೆ ತನಕ ಸರಿ ಇದ್ದವರು ಇವತ್ತು ಏಕಾಏಕಿ ಗೊಂದಲಗೊಂಡು ಏನೇನೋ ಮಾತಾಡಿದರೆ ಅದು ನಿಧಾನದ ಮರೆವಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಅಥವಾ ಶುಗರ್ ಇಳಿದದ್ದು, ಸ್ಟ್ರೋಕ್ ಯಾವುದೂ ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂತ್ರಿಸಿ ಕೊಟ್ಟ ನೀರಿಗೂ, ನೂಲಿಗೂ ಕಾದು ಸಮಯ ಕಳೆಯಬೇಡಿ. ದುಆ ಮಾಡಿ, ಜೊತೆಗೆ ಗಾಡಿಯೂ ತರಿಸಿ.

ಎಲ್ಲಿಗೆ ಹೋಗುವುದು?

2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳ ಪಾಡು ಏನಾಯಿತು ಎಂದು ಯಾರಿಗೂ ಮರೆತಿಲ್ಲ. ಮೊದಲ ಹಂತದ ತಪಾಸಣೆಗೆ ಗಡಿ ದಾಟಬೇಕಾಗಿಲ್ಲ. ನಿಮ್ಮ ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರದಿಂದಲೇ ಶುರು ಮಾಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಅಲ್ಲಿಂದ ತಾಲೂಕು ಆಸ್ಪತ್ರೆ, ಕಾಸರಗೋಡು ಜನರಲ್ ಆಸ್ಪತ್ರೆ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ಚೀಟಿ ಸಿಗುತ್ತದೆ. ಆ ಮೇಲೆ ಬೇಕಾದರೆ ಮಂಗಳೂರು, ದೇರಳಕಟ್ಟೆಯ ನ್ಯೂರೋ ವೈದ್ಯರ ಹತ್ತಿರ ಹೋಗಬಹುದು. ಮಾನಸಿಕ ವೈದ್ಯರ ಹೆಸರು ಕೇಳಿ ನಾಚಿಕೆಪಡಬೇಡಿ, ಮರೆವಿನ ಕಾಯಿಲೆಯನ್ನು ಅವರೂ ನೋಡುತ್ತಾರೆ.

ಕೇರಳದಲ್ಲಿ ಈ ಬಗ್ಗೆ ಕೆಲಸ ಹಳೆಯದು. ಡಿಮೆನ್ಶಿಯಾ ರೋಗಿಗಳ ಕುಟುಂಬಗಳಿಗಾಗಿ ದುಡಿಯುವ ಎಆರ್‌ಡಿಎಸ್‌ಐ ಸಂಸ್ಥೆ 1992ರಲ್ಲಿ ಹುಟ್ಟಿದ್ದು ಕೇರಳದಲ್ಲೇ. ರಾಜ್ಯ ಸರಕಾರದ ಓರ್ಮತ್ತೋಣಿ (ನೆನಪಿನ ದೋಣಿ) ಯೋಜನೆ ಇದಕ್ಕೆಂದೇ ಇದೆ. ನಗರಸಭೆ ವ್ಯಾಪ್ತಿಯಲ್ಲಿ 65 ದಾಟಿದವರಿಗೆ ವಯೋಮಿತ್ರಂ ಸಂಚಾರಿ ಕ್ಲಿನಿಕ್ ಉಂಟು. ಕಾಯಿಲೆ ಮುಂದುವರಿದು ಹಾಸಿಗೆ ಹಿಡಿದರೆ ಪಂಚಾಯತ್ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ಟೆಲಿ-ಮಾನಸ್ 14416 ನಂಬರಿಗೆ ಕರೆ ಮಾಡಿ ಕನ್ನಡದಲ್ಲಿ ಅಥವಾ ಮಲಯಾಳದಲ್ಲಿ ಮಾತಾಡಬಹುದು. ಹಿರಿಯರ ಸಹಾಯವಾಣಿ 14567.

ಜಾಗ, ಬ್ಯಾಂಕ್, ವಸಿಯ್ಯತ್

ತಡ ಮಾಡಿದ ಮನೆಗಳು ಹೆಚ್ಚು ಸಂಕಟಪಡುವುದು ಇಲ್ಲಿ. ಉಪ್ಪ ಮಗನಿಗೆ ಮುಕ್ತಿಯಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದಾರೆ, ಇನ್ನು ಚಿಂತೆ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೆ ಕೊನೆಯಾಗುತ್ತದೆ. ಹಿಬಾ ಆಗಲಿ, ವಸಿಯ್ಯತ್ ಆಗಲಿ ಮಾಡುವವರ ಬುದ್ಧಿ ಸ್ಥಿಮಿತದಲ್ಲಿದ್ದಾಗ ಮಾತ್ರ ಸಿಂಧು. ಕಾಯಿಲೆ ಬಲಿತ ಮೇಲೆ ಹೆಬ್ಬೆಟ್ಟು ಒತ್ತಿಸಿದ ಕಾಗದದ ಹೆಸರಲ್ಲಿ ಒಡಹುಟ್ಟಿದವರು ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಆರಂಭದಲ್ಲೇ ಗೊತ್ತಾದರೆ ಉಪ್ಪ ತಾನೇ ಎಲ್ಲ ಮಕ್ಕಳನ್ನು, ಹೆಣ್ಣು ಮಕ್ಕಳನ್ನೂ ಸೇರಿಸಿ, ಎದುರು ಕೂರಿಸಿ ಹೇಳಬಹುದು. ಬ್ಯಾಂಕ್ ಖಾತೆಯನ್ನು ಉಮ್ಮನ ಹೆಸರಿನ ಜೊತೆ ಜಂಟಿ ಮಾಡಬಹುದು, ನಾಮಿನಿ ಹಾಕಬಹುದು. ಕಾಗದಕ್ಕೆ ಸಹಿ ಹಾಕುವ ದಿನ ಇವರಿಗೆ ಅರ್ಥ ಮಾಡಿಕೊಳ್ಳುವ ಶಕ್ತಿ ಇದೆ ಎಂದು ವೈದ್ಯರ ಸರ್ಟಿಫಿಕೇಟ್ ಇದ್ದರೆ ಮುಂದೆ ತಕರಾರು ಕಡಿಮೆ. ಯಾರು ನನ್ನ ಚಿಕಿತ್ಸೆಯ ವಿಷಯ ನೋಡಬೇಕು ಎಂದು ಮೊದಲೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಅವಕಾಶ ಇದೆ. ವಕೀಲರನ್ನೂ ನಿಮ್ಮ ಉಸ್ತಾದರನ್ನೂ ಕೇಳಿ ಮುಂದುವರಿಯಿರಿ. ಡಿಮೆನ್ಶಿಯಾ ಎಂದು ಗೊತ್ತಾದ ಮಾತ್ರಕ್ಕೆ ಆ ದಿನವೇ ಇವರ ಹಕ್ಕು ಹೋಗುವುದಿಲ್ಲ. ಆರಂಭದ ಹಂತದಲ್ಲಿ ಹೆಚ್ಚಿನವರು ಸ್ವಂತ ತೀರ್ಮಾನ ಮಾಡಬಲ್ಲರು.

ಗಲ್ಫ್‌ನಲ್ಲಿರುವ ಮಕ್ಕಳಿಗೆ

ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವವರಿಗೆ ಬದಲಾವಣೆ ಬೇಗ ಗೊತ್ತಾಗುವುದಿಲ್ಲ. "ಸುಖವೇ, ಅಲ್‌ಹಮ್ದುಲಿಲ್ಲಾಹ್" ಎಂಬ ಮಾತು ಮರೆವಿನ ಕೊನೆಯ ಹಂತದವರೆಗೂ ಸರಾಗವಾಗಿ ಬರಬಹುದು. ಇನ್ನೊಂದು, ಉಪ್ಪ ತಡವರಿಸಿದಾಗ ಪಕ್ಕದಲ್ಲಿರುವ ಉಮ್ಮ ಮಾತು ತುಂಬಿಸಿಬಿಡುತ್ತಾರೆ. ಅವರಿಗೆ ಅದು ಅಭ್ಯಾಸ. ಅದಕ್ಕೆ ಒಮ್ಮೊಮ್ಮೆ ಉಪ್ಪನ ಹತ್ತಿರ ಮಾತ್ರ ಮಾತಾಡಿ. ಪರೀಕ್ಷೆ ಮಾಡುವ ಹಾಗೆ ಕೇಳಬೇಡಿ. ನಿನ್ನೆ ಯಾರ ಮನೆ ಮದುವೆಗೆ ಹೋಗಿದ್ರಿ, ಊಟಕ್ಕೆ ಏನಿತ್ತು ಎಂದು ಕೇಳಿ. ರಜೆಗೆ ಬಂದಾಗ ಕಳೆದ ಸಲಕ್ಕೂ ಈ ಸಲಕ್ಕೂ ವ್ಯತ್ಯಾಸ ನಿಮಗೇ ಹೆಚ್ಚು ಕಾಣುತ್ತದೆ, ದಿನಾ ಜೊತೆಗಿರುವವರಿಗೆ ಅದು ಕಾಣದು. ಹಾಗೆ ಕಂಡರೆ ರಜೆಯ ಮೊದಲ ವಾರದಲ್ಲೇ ವೈದ್ಯರ ಸಮಯ ತೆಗೆದುಕೊಳ್ಳಿ. ಟಿಕೆಟ್‌ಗೆ ಎರಡು ದಿನ ಇರುವಾಗ ಓಡಬೇಡಿ.

ಬರಲು ಒಪ್ಪದ ಹಿರಿಯರೂ ಇರುತ್ತಾರೆ. "ನನಗೇನು ಹುಚ್ಚಾ?" ಎಂದು ಕೇಳಿದರೆ ವಾದ ಮಾಡಬೇಡಿ. "ಶುಗರ್, ಬಿಪಿ, ಕಣ್ಣು, ಕಿವಿ, ನೆನಪು, ಎಲ್ಲ ಒಮ್ಮೆ ಚೆಕಪ್ ಮಾಡಿಸುವ, ನಾನೂ ಮಾಡಿಸ್ತೇನೆ" ಎಂದು ಹೇಳಿ. ಅವರು ಗೌರವ ಕೊಡುವ ಅಣ್ಣನಿಂದಲೋ, ಜಮಾಅತ್‌ನ ಹಿರಿಯರಿಂದಲೋ ಒಂದು ಮಾತು ಹೇಳಿಸಿ. ಮಕ್ಕಳೆದುರು ಅವರ ಮರೆವನ್ನು ತಮಾಷೆ ಮಾಡಿದ ಮನೆಯಲ್ಲಿ ಅವರು ಯಾವತ್ತೂ ಒಪ್ಪುವುದಿಲ್ಲ.

ತಡೆಯಲು ಆಗುತ್ತದಾ?

2024ರಲ್ಲಿ ಲ್ಯಾನ್ಸೆಟ್ ಆಯೋಗ 14 ಕಾರಣಗಳ ಪಟ್ಟಿ ಕೊಟ್ಟಿದೆ. ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಸುಮಾರು ಶೇ. 45 ಡಿಮೆನ್ಶಿಯಾ ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಶುಗರ್, ಬಿಪಿ, ಕೊಲೆಸ್ಟ್ರಾಲ್, ಬೊಜ್ಜು, ಸಿಗರೇಟು, ಮದ್ಯ, ನಡಿಗೆ ಇಲ್ಲದಿರುವುದು, ತಲೆಗೆ ಪೆಟ್ಟು, ಖಿನ್ನತೆ, ಒಂಟಿತನ, ವಾಯು ಮಾಲಿನ್ಯ, ಕಡಿಮೆ ಓದು, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು. ಇದರಲ್ಲಿ ನಾವು ಅತಿ ಹೆಚ್ಚು ಕಡೆಗಣಿಸುವುದು ಕಿವಿಯನ್ನು. ಬಾಂಗ್ ಕೇಳಲಿಲ್ಲ ಎನ್ನುವ ಉಪ್ಪನಿಗೆ ಕಿವಿ ಪರೀಕ್ಷೆ ಮಾಡಿಸಿ, ಬೇಕಾದರೆ ಮಿಷಿನ್ ಹಾಕಿಸಿ. ಸ್ಕೂಟರಿನ ಹಿಂದೆ ಕೂರುವ ಉಮ್ಮನ ತಲೆಗೂ ಹೆಲ್ಮೆಟ್ ಇರಲಿ.

ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗಿರಲಿ

ಒಂದು ಕಾಗದದಲ್ಲಿ ಇಷ್ಟು ಬರೆದುಕೊಳ್ಳಿ: ಬದಲಾವಣೆ ಯಾವ ತಿಂಗಳಿನಿಂದ ಕಂಡಿತು, ಅದಕ್ಕೆ ಎರಡು ಮೂರು ಉದಾಹರಣೆ, ನಿಧಾನವಾಗಿ ಬಂತಾ ಒಮ್ಮೆಗೇ ಬಂತಾ, ಬಿದ್ದು ಪೆಟ್ಟಾಗಿತ್ತಾ, ನಿದ್ದೆ, ಊಟ, ಮೂತ್ರದ ತೊಂದರೆ, ಕುಟುಂಬದಲ್ಲಿ ಬೇರೆಯವರಿಗೆ ಇತ್ತಾ. ತಿನ್ನುವ ಎಲ್ಲ ಮಾತ್ರೆಗಳನ್ನು, ಪೆಟ್ಟಿಗೆಯ ಅಂಗಡಿಯಿಂದ ತಂದದ್ದನ್ನೂ ನಾಟಿ ಮದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕನ್ನಡಕ, ಕಿವಿ ಮಿಷಿನ್ ಇದ್ದರೆ ಹಾಕಿಸಿ. ದಿನಾ ಜೊತೆಗಿರುವವರು ಒಬ್ಬರು ಬರಲೇಬೇಕು.

ಮುಂದಿನ ಸಲ ನಿಮ್ಮ ಊರಿನ ಜಮಾಅತ್ ಅಥವಾ ಕ್ಲಬ್ ವೈದ್ಯಕೀಯ ಶಿಬಿರ ಇಟ್ಟರೆ ಶುಗರ್ ಟೇಬಲಿನ ಪಕ್ಕ ನೆನಪಿಗೂ ಒಂದು ಟೇಬಲ್ ಇರಲಿ ಎಂದು ಸಂಘಟಕರಿಗೆ ಹೇಳಿ. ಮರೆವಿನ ಬಗ್ಗೆ ಚಿಂತೆ ಇರುವ ಮನೆಯವರು ಬಂದು ಕೂತು ಎಂಟು ಪ್ರಶ್ನೆಗೆ ಉತ್ತರ ಹೇಳಲಿ. ಹೆಂಗಸರಿಗೆ ಬೇರೆ ಕೋಣೆ ಇದ್ದರೆ ಉಮ್ಮಂದಿರೂ ಬರುತ್ತಾರೆ. ಖರ್ಚು ಏನೂ ಇಲ್ಲ, ಎರಡು ಕುರ್ಚಿ, ಒಂದು ಪೆನ್ನು, ಬ್ಯಾರಿ ಗೊತ್ತಿರುವ ಒಬ್ಬರು ನರ್ಸ್ ಅಥವಾ ಡಾಕ್ಟರ್ ಸಾಕು.